ಕುಂಬಾರ, ಬೇಟೆಗಾರ, ಕುಂಡಲಿಗ: ಕಣಜದ ಜನಪದ ಹೆಸರುಗಳು

ಪೊರೆಯಂತೆ ತೆಳ್ಳಗಿರುವ ಎರಡು ಜೊತೆ ರೆಕ್ಕೆಗಳುಳ್ಳ ಕೀಟಗಳನ್ನು ವಿಜ್ಞಾನಿಗಳು ಹೈಮೆನಾಪ್ಟೆರಾ ಎಂಬ ಒಂದೇ ಗಣದಲ್ಲಿ ಸೇರಿಸುತ್ತಾರೆ. ಜೇನುಹುಳು, ಇರುವೆ, ಕಣಜ ಇವೆಲ್ಲವೂ ಈ ಗಣಕ್ಕೆ ಸೇರಿದವು. ಇವುಗಳಲ್ಲಿ ಜೇನು ಮತ್ತು ಇರುವೆಗಳು ಕಣಜದ ವಂಶದಿಂದಲೇ ಕವಲೊಡೆದು ಬಂದ ಕುಲಗಳಾಗಿದ್ದು, ಆ ಎರಡನ್ನು ಬೇರೆಯಿಟ್ಟ ಮೇಲೂ ಸಪೂರ ಸೊಂಟದ ‘ಕಣಜ’ ಎಂಬ ಗುಂಪಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರಭೇದಗಳು ಉಳಿಯುತ್ತವೆ. ಅವುಗಳಲ್ಲಿ ದೊಡ್ಡ ಸಂಸಾರ ಕಟ್ಟಿಕೊಂಡು ಬಾಳುವವು ಕೆಲವೇ. ಉಳಿದವುಗಳ ಹೆಣ್ಣುಗಳು ಒಂಟಿಯಾಗಿ ಬೇಟೆಯಾಡಿ ಮರಿಗೆ ಬುತ್ತಿ ಕಟ್ಟಿಡುತ್ತವೆ, ಇಲ್ಲವೇ ಬೇರೆ ಕೀಟದ ಮೊಟ್ಟೆ, ಮರಿ, ಪೊರೆಕೋಶಗಳೊಳಗೆ ತಮ್ಮ ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಇಷ್ಟು ದೊಡ್ಡ ಗುಂಪಿಗೆ ಯಾವ ಊರಿನ ಆಡುಮಾತಿನಲ್ಲೂ ಬೆರಳೆಣಿಕೆಗಿಂತ ಬಹಳ ಹೆಚ್ಚು ಹೆಸರುಗಳಿರುವುದಿಲ್ಲ. ಆದರೆ ಇರುವ ಆ ಕೆಲವು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಅಕ್ಷರ ಬಾರದ ಜನರು ಈ ಕೀಟವನ್ನು ಎಷ್ಟು ಹತ್ತಿರದಿಂದ, ಎಷ್ಟು ಹೊತ್ತು ಕಣ್ಣಿಟ್ಟು ನೋಡಿದ್ದರು ಎಂಬುದು ತಿಳಿಯುತ್ತದೆ. ಒಂದು ಜನಸಮುದಾಯ ಕೀಟಗಳನ್ನು ಹೇಗೆ ಗುರುತಿಸುತ್ತದೆ, ಹೇಗೆ ವಿಂಗಡಿಸುತ್ತದೆ, ಏನೆಂದು ಕರೆಯುತ್ತದೆ ಎಂಬುದನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಜನಪದ ಕೀಟವಿಜ್ಞಾನ ಎನ್ನಬಹುದು.

ಕನ್ನಡದಲ್ಲಿ ಈ ಕೀಟಕ್ಕೆ ಕಣಜ, ಕಡಜ ಎಂಬ ಎರಡು ರೂಪಗಳು ಬಳಕೆಯಲ್ಲಿವೆ. ಮಾತಿನಲ್ಲಿ ಸಾಮಾನ್ಯವಾಗಿ ‘ಹುಳ’ ಎಂಬುದು ಸೇರಿ ಕಣಜದ ಹುಳ, ಕಡಜದ ಹುಳ ಎಂದಾಗುತ್ತದೆ. ದವಸ ತುಂಬಿಡುವ ಕಣಜಕ್ಕೂ ಇದಕ್ಕೂ ಉಚ್ಚಾರ ಒಂದೇ ಆದ್ದರಿಂದ ಗೂಡಿನ ಕೋಣೆಗಳನ್ನು ಕಂಡು ಜನ ಆ ಹೆಸರಿಟ್ಟಿರಬೇಕೆಂದು ಊಹಿಸುವುದು ಸುಲಭ. ಆದರೆ ಕಡಜ ಎಂಬ ರೂಪವನ್ನು ತಮಿಳಿನ ಕಡಂದೈ, ಮಲಯಾಳದ ಕಡನ್ನಲ್ ಎಂಬ ಹೆಸರುಗಳ ಜೊತೆಗಿಟ್ಟು ನೋಡಿದಾಗ ಈ ಮೂರೂ ಒಂದೇ ಬೇರಿನ ಚಿಗುರುಗಳೆಂಬುದೂ, ದವಸದ ಕಣಜದೊಡನೆ ಇರುವ ಹೋಲಿಕೆ ಬರೀ ಧ್ವನಿಯ ಹೋಲಿಕೆ ಎಂಬುದೂ ಸ್ಪಷ್ಟವಾಗುತ್ತದೆ. ತಮಿಳಿನಲ್ಲಿ ಕಡಂದೈಗಿಂತ ಕುಳವಿ ಎಂಬುದೇ ಹೆಚ್ಚು ಬಳಕೆಯ ಹೆಸರಾಗಿದ್ದು, ಕಾವೇರಿ ಬಯಲಿನ ಜಿಲ್ಲೆಗಳಲ್ಲಿ ಮರದಲ್ಲಿ ದೊಡ್ಡ ಗೂಡು ಕಟ್ಟಿ ಗುಂಪಾಗಿ ಎರಗುವ ಹೆಗ್ಗಣಜವನ್ನು ಕದಂಡು ಎಂದು ಬೇರೆಯಾಗಿ ಗುರುತಿಸುತ್ತಾರೆ. ತೆಲುಗಿನ ಕಂದಿರೀಗ ಎಂಬ ಹೆಸರಿನ ಕೊನೆಯಲ್ಲಿರುವ ‘ಈಗ’ ಎಂದರೆ ನೊಣ. ಮರಾಠಿಯ ಗಾಂಧೀಲಮಾಶಿಯಲ್ಲಿರುವ ‘ಮಾಶಿ’ಗೂ ಅದೇ ಅರ್ಥ. ಹೀಗೆ ಒಂದು ಭಾಷೆ ಕಣಜವನ್ನು ಹುಳದ ಜಾತಿಗೂ ಇನ್ನೊಂದು ನೊಣದ ಜಾತಿಗೂ ಸೇರಿಸುತ್ತದೆ. ಜಪಾನೀಯರಂತೂ ಜೇನಿಗೂ ಕಣಜಕ್ಕೂ ಸೇರಿಸಿ ‘ಹಾಚಿ’ ಎಂಬ ಒಂದೇ ಮೂಲಪದವನ್ನು ಇಟ್ಟುಕೊಂಡಿದ್ದಾರೆ. ಕಣಜ ಮತ್ತು ಜೇನುಗಳ ವಂಶಸಂಬಂಧವನ್ನು ಬಲ್ಲವರಿಗೆ ಈ ಮೂರು ವಿಂಗಡಣೆಗಳಲ್ಲಿ ಜಪಾನೀಯರದೇ ಹೆಚ್ಚು ಸರಿ ಎನಿಸುತ್ತದೆ.

ಸಂಸ್ಕೃತದ ಅಮರಕೋಶ ಕಣಜಕ್ಕೆ ಗಂಧೋಲೀ, ವರಟಾ ಎಂಬ ಎರಡು ಹೆಸರುಗಳನ್ನು ಕೊಡುತ್ತದೆ. ಮರಾಠಿಯ ಗಾಂಧೀಲವು ಮೊದಲನೆಯದನ್ನೂ ಹಿಂದಿಯ ಬರ್ರೆ ಎರಡನೆಯದನ್ನೂ ನೆನಪಿಸುತ್ತವೆ. ಹಿಂದಿ ಸೀಮೆಯಲ್ಲಿ ಬರ್ರೆಯ ಜೊತೆಗೆ ತತೈಯಾ, ಭಿಡ್ ಎಂಬ ಹೆಸರುಗಳೂ ಇವೆ. ಬಂಗಾಳಿಯಲ್ಲಿ ಸಾಧಾರಣ ಕಣಜ ಬೋಲ್ತಾ ಆದರೆ, ಅದಕ್ಕಿಂತ ದೊಡ್ಡದಾಗಿ ಭಯಂಕರವಾಗಿ ಕುಟುಕುವುದು ಭೀಮ್‌ರುಲ್. ಇವೆಲ್ಲವೂ ಹೆಚ್ಚಾಗಿ ಕುಟುಕಿನ ಅನುಭವದ ಸುತ್ತ ಹುಟ್ಟಿ ಬೆಳೆದ ಹೆಸರುಗಳು. ಮೊಟ್ಟೆಯಿಡುವ ನಳಿಕೆಯೇ ಕಾಲಾಂತರದಲ್ಲಿ ವಿಷದ ಮುಳ್ಳಾಗಿ ಮಾರ್ಪಟ್ಟದ್ದರಿಂದ ಕುಟುಕುವ ಶಕ್ತಿ ಹೆಣ್ಣು ಕಣಜಕ್ಕೆ ಮಾತ್ರ ಇದೆ ಎಂಬ ಸಂಗತಿ ಈ ಹೆಸರುಗಳಲ್ಲಿ ಎಲ್ಲೂ ಸೇರಿಲ್ಲ. ನೋವನ್ನು ಹೆಸರಿಸುವವರಿಗೆ ಆ ವಿವರದ ಅಗತ್ಯ ಬೀಳಲಿಲ್ಲ.

ಕುಟುಕಿನ ಭಯವಿಲ್ಲದ ಕಣಜಗಳಿಗೆ ಜನ ಇಟ್ಟಿರುವ ಹೆಸರುಗಳು ಇವಕ್ಕಿಂತ ಬಹಳ ಹೆಚ್ಚನ್ನು ಹೇಳುತ್ತವೆ. ಮನೆಯ ಜಂತೆ, ಕಿಟಕಿಯ ಮೂಲೆ, ಗೋಡೆಗೆ ತೂಗುಹಾಕಿದ ಪಟದ ಹಿಂಬದಿ, ದಿನಗಟ್ಟಲೆ ಅಲುಗದ ಬಾಗಿಲಿನ ಸಂದು ಇಂಥ ಕಡೆಗಳಲ್ಲಿ ಹಸಿ ಮಣ್ಣಿನ ಗೂಡು ಕಟ್ಟುವ ಒಂಟಿ ಕಣಜಗಳು ಭಾರತದ ಎಲ್ಲ ಹಳ್ಳಿಗಳಲ್ಲೂ ಕಾಣಸಿಗುತ್ತವೆ. ಇವನ್ನು ಬಂಗಾಳಿಗಳು ಕುಮ್ರೇ ಪೋಕಾ ಎಂದೂ ಮರಾಠಿಗರು ಕುಂಭಾರಮಾಶಿ ಎಂದೂ ಕರೆಯುತ್ತಾರೆ. ಮೊದಲನೆಯದರ ಅರ್ಥ ಕುಂಬಾರ ಹುಳ, ಎರಡನೆಯದರದು ಕುಂಬಾರ ನೊಣ. ಹೆಣ್ಣು ಕಣಜ ಕೆಸರಿನ ಅಂಚಿಗೆ ಹೋಗಿ, ದವಡೆಯಿಂದ ಮಣ್ಣನ್ನು ಕೆರೆದು, ಕಾಳಿನಷ್ಟು ದೊಡ್ಡ ಉಂಡೆ ಮಾಡಿಕೊಂಡು ಹಾರಿಬಂದು, ಗೋಡೆಗೆ ಮೆತ್ತಿ ತೆಳ್ಳಗೆ ಎಳೆಯುತ್ತದೆ. ಉಂಡೆಯ ಮೇಲೆ ಉಂಡೆ, ಎಳೆಯ ಮೇಲೆ ಎಳೆ ಸೇರುತ್ತ ಹೋಗಿ ಕೋಣೆ ಮೇಲೇಳುತ್ತದೆ. ಡೆಲ್ಟಾ ಮತ್ತು ಯೂಮೆನೀಸ್ ಎಂಬ ಕುಲಗಳ ಕಣಜಗಳು ಕಟ್ಟುವ ಕೋಣೆ ದುಂಡಗಿದ್ದು, ಅದರ ಬಾಯಿಗೆ ಕಂಠದಂಥ ಅಂಚು ಹೊರಳಿರುವುದರಿಂದ ಅದು ನಿಜವಾಗಿಯೂ ಕುಂಬಾರನ ತಿಗರಿಯಿಂದ ಇಳಿದ ಪುಟ್ಟ ಮಡಕೆಯಂತೆಯೇ ಕಾಣುತ್ತದೆ. ಜಪಾನೀಯರು ಇದೇ ಕಣಜವನ್ನು ತೊಕ್ಕುರಿ‌ಬಾಚಿ ಎನ್ನುತ್ತಾರೆ; ತೊಕ್ಕುರಿ ಎಂದರೆ ಅವರು ಅಕ್ಕಿಯ ಮದ್ಯ ಬಡಿಸುವ, ಕಿರಿದಾದ ಕತ್ತಿನ ಮಣ್ಣಿನ ಕುಡಿಕೆ.

ಈ ಹೆಸರುಗಳ ಹಿಂದೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮರದ ನಾರನ್ನು ಕೆರೆದು ಜೊಲ್ಲಿನಲ್ಲಿ ಅಗಿದು ಕಾಗದದಂಥ ಹಾಳೆ ಮಾಡಿ ಗೂಡು ಕಟ್ಟುವ ಕಣಜಗಳೂ ನಮ್ಮ ಸೂರಿನ ಕೆಳಗೇ ಇವೆ. ಅವುಗಳ ಕಸುಬೂ ಕುಂಬಾರ ಕಣಜದ ಕಸುಬಿನಷ್ಟೇ ಸೋಜಿಗದ್ದು. ಆದರೂ ಆ ಕಣಜಕ್ಕೆ ಕಾಗದದ ಕಸುಬಿನವನೆಂಬ ಹಳೆಯ ಹೆಸರು ಮೇಲೆ ಹೇಳಿದ ಯಾವ ಭಾಷೆಯಲ್ಲೂ ಕಾಣುವುದಿಲ್ಲ. ಕುಂಬಾರನ ಮನೆ ಪ್ರತಿ ಹಳ್ಳಿಯಲ್ಲೂ ಇತ್ತು, ಮಣ್ಣು ಮಡಕೆಯಾಗುವುದನ್ನು ಮಕ್ಕಳೂ ಕಂಡಿದ್ದರು. ಕಾಗದ ತಯಾರಾಗುವ ಬಗೆಯನ್ನು ಕಂಡವರು ವಿರಳ. ಜನ ಕೀಟದ ಕೆಲಸವನ್ನು ತಾವು ಬಲ್ಲ ಕಸುಬಿನ ಮೂಲಕವೇ ಅರ್ಥಮಾಡಿಕೊಂಡರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಮಲಯಾಳಿಗಳು ಮಣ್ಣುಗೂಡಿನ ಕಣಜವನ್ನು ನೋಡಿದ ಬಗೆ ಇದಕ್ಕಿಂತ ಭಿನ್ನವಾದುದು. ಅವರಲ್ಲಿ ಅದು ವೇಟ್ಟಾಳನ್, ಎಂದರೆ ಬೇಟೆಗಾರ. ಕನ್ನಡದ ಬೇಟೆಯೂ ಅಲ್ಲಿಯ ವೇಟ್ಟವೂ ಒಂದೇ. ಗೂಡನ್ನು ಕಂಡವರು ಅದನ್ನು ಕುಂಬಾರನೆಂದರೆ, ಗೂಡಿನೊಳಕ್ಕೆ ಅದು ಏನನ್ನು ಹೊತ್ತು ತರುತ್ತದೆ ಎಂಬುದನ್ನು ಕಂಡವರು ಬೇಟೆಗಾರನೆಂದರು. ಗೂಡು ಮುಗಿದ ಮೇಲೆ ಯೂಮೆನೀಸ್ ಬಳಗದ ಕಣಜ ಕಂಬಳಿಹುಳುವಿನ ಜಾತಿಯ ಎಳೆಯ ಹಸಿರು ಹುಳುಗಳನ್ನು ಹಿಡಿದು ತಂದು ಒಳಗೆ ತುಂಬುತ್ತದೆ. ಉದ್ದ ಸೊಂಟದ ಸ್ಕೆಲಿಫ್ರಾನ್ ಕುಲದ ಕಣಜಗಳು ತರುವುದು ಜೇಡಗಳನ್ನು ಮಾತ್ರ. ಈ ಕುಲದ ಒಂದು ಪ್ರಭೇದಕ್ಕೆ ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರೀಶಿಯಸ್ 1781ರಲ್ಲಿ ‘ಮದ್ರಾಸ್‌ಪಟಾನಮ್’ ಎಂಬ ಹೆಸರಿಟ್ಟ. ಚೆನ್ನೈಯ ಹಳೆಯ ಹೆಸರಾದ ಮದ್ರಾಸಪಟ್ಟಣ ಹೀಗೆ ಒಂದು ಮಣ್ಣುಗೂಡಿನ ಕಣಜದ ವೈಜ್ಞಾನಿಕ ನಾಮದಲ್ಲಿ ಸೇರಿಹೋಗಿದೆ. ವಿಜ್ಞಾನದ ಹೆಸರುಗಳು ಎಲ್ಲ ಕಾಲದಲ್ಲೂ ನಡತೆಯನ್ನೋ ರೂಪವನ್ನೋ ಹೇಳುತ್ತವೆ ಎಂದೇನಿಲ್ಲ. ಈ ಒಂದು ಪ್ರಭೇದದ ಮಟ್ಟಿಗೆ ವೇಟ್ಟಾಳನ್ ಎಂಬ ಹಳ್ಳಿಯ ಹೆಸರೇ ಹೆಚ್ಚು ಮಾಹಿತಿ ಕೊಡುತ್ತದೆ.

ಮೊಟ್ಟೆಯಿಟ್ಟು, ಬೇಟೆಯನ್ನು ಒಳಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ತಾಯಿ ಕಣಜ ಹೊರಟುಹೋಗುತ್ತದೆ. ಕೆಲವು ವಾರಗಳಾದ ಮೇಲೆ ಮುಚ್ಚಿದ ಗೂಡನ್ನು ಕೊರೆದುಕೊಂಡು ಒಳಗಿನಿಂದ ಒಂದು ಹೊಸ ಕಣಜ ಹೊರಬರುತ್ತದೆ. ಗೋಡೆಯ ಮುಂದೆ ಕುಳಿತು ನೋಡುವ ಮನುಷ್ಯನ ಕಣ್ಣಿಗೆ ಬೀಳುವುದು ಇಷ್ಟೇ: ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ. ಈ ಎರಡು ನಿಜಗಳ ನಡುವಿನ ಖಾಲಿ ಜಾಗವನ್ನು ತುಂಬಲು ಭಾರತದಲ್ಲೂ ಚೀನಾದಲ್ಲೂ ಬಹುಮಟ್ಟಿಗೆ ಒಂದೇ ಕಥೆ ಹುಟ್ಟಿತು ಎಂಬುದು ಜನಪದ ಕೀಟವಿಜ್ಞಾನದ ಅತ್ಯಂತ ಬೆರಗಿನ ಸಂಗತಿಗಳಲ್ಲೊಂದು.

ಭಾರತದಲ್ಲಿ ಅದಕ್ಕೆ ಭ್ರಮರಕೀಟ ನ್ಯಾಯವೆಂದು ಹೆಸರು. ಗೂಡಿನಲ್ಲಿ ಸೆರೆಯಾದ ಹುಳು ತನ್ನನ್ನು ಹಿಡಿದು ತಂದ ಕಣಜವನ್ನೇ ಭಯದಿಂದಲೋ ಧ್ಯಾನದಿಂದಲೋ ಎಡೆಬಿಡದೆ ನೆನೆಯುತ್ತ ಕೊನೆಗೆ ಕಣಜವೇ ಆಗಿಬಿಡುತ್ತದೆ ಎಂಬುದು ಇದರ ತಿರುಳು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಎಣಿಸುವ ಇಪ್ಪತ್ತನಾಲ್ಕು ಗುರುಗಳ ಸಾಲಿನಲ್ಲಿ ಈ ಕಣಜವೂ ಇದೆ. ಅಲ್ಲಿ ಅದರ ಹೆಸರು ಪೇಶಸ್ಕೃತ್, ಎಂದರೆ ರೂಪವನ್ನು ಮಾಡುವುದು. ಏಳನೆಯ ಸ್ಕಂಧದಲ್ಲಿ ಇದೇ ಉಪಮೆ ಮತ್ತೆ ಬಂದಾಗ ಹುಳುವನ್ನು ಕೂಡಿಟ್ಟ ಜಾಗ ಗೋಡೆ ಎಂದು ಸ್ಪಷ್ಟವಾಗಿ ಹೇಳಿದೆ. ಗೋಡೆಯ ಗೂಡು, ಹಿಡಿದು ತಂದ ಹುಳು, ಮುಚ್ಚಿದ ಬಾಯಿ ಇವೆಲ್ಲ ಮಣ್ಣುಗೂಡಿನ ಕಣಜದ ನಿಖರವಾದ ಲಕ್ಷಣಗಳು. ಭ್ರಮರವೆಂದರೆ ದುಂಬಿ ಎಂಬ ರೂಢಿಯ ಅರ್ಥವನ್ನೇ ಹಿಡಿದು ಈ ನ್ಯಾಯವನ್ನು ವಿವರಿಸುವವರು ಇದ್ದಾರೆ. ಆದರೆ ಮರ ಕೊರೆದು ಗೂಡು ಮಾಡುವ ಕರಿದುಂಬಿ ತನ್ನ ಮರಿಗಳಿಗೆ ಹೂವಿನ ಪರಾಗ ಮಕರಂದಗಳನ್ನು ಇಡುತ್ತದೆಯೇ ಹೊರತು ಹುಳುವನ್ನು ಎಂದೂ ತರುವುದಿಲ್ಲವಾದ್ದರಿಂದ, ಈ ಕಥೆಯ ಭ್ರಮರ ಕಣಜವಲ್ಲದೆ ಬೇರೆಯಾಗಲು ಸಾಧ್ಯವಿಲ್ಲ. ಕನ್ನಡದ ಶರಣರು ಈ ಗೊಂದಲಕ್ಕೆ ಎಡೆಗೊಡಲಿಲ್ಲ. ವಚನಗಳಲ್ಲಿ ಕೀಡಿ ಮತ್ತು ಕುಂಡಲಿಗ ಎಂಬ ಜೋಡಿ ಮತ್ತೆ ಮತ್ತೆ ಬರುತ್ತದೆ. ಕೀಡಿ ಎಂದರೆ ಹುಳು, ಅದನ್ನು ತನ್ನಂತೆ ಮಾಡಿಕೊಳ್ಳುವ ಕಣಜವೇ ಕುಂಡಲಿಗ. ಗುರುವಿನ ಸ್ಪರ್ಶದಿಂದ ಶಿಷ್ಯ ಗುರುವೇ ಆಗುವುದನ್ನು ಹೇಳಲು ಅವರಿಗೆ ಈ ಹುಳುವಿಗಿಂತ ಹತ್ತಿರದ ಉಪಮೆ ಬೇಕಿರಲಿಲ್ಲ. ಕೇಳುವವರೆಲ್ಲರ ಮನೆಯ ಗೋಡೆಯ ಮೇಲೂ ಅದು ಇತ್ತು.

ಚೀನಾದಲ್ಲಿ ಈ ಕಣಜದ ಹೆಸರು ಗುವೋಲುವೋ, ಅದು ಹೊತ್ತೊಯ್ಯುವ ಹಸಿರು ಹುಳುವಿನ ಹೆಸರು ಮಿಂಗ್‌ಲಿಂಗ್. ಚೀನೀಯರ ಪ್ರಾಚೀನ ಕಾವ್ಯಸಂಗ್ರಹವಾದ ಶಿಜಿಂಗ್‌ನ ಒಂದು ಪದ್ಯದಲ್ಲಿ ಮಿಂಗ್‌ಲಿಂಗ್ ಮರಿಗಳನ್ನು ಗುವೋಲುವೋ ಹೊತ್ತೊಯ್ಯುವ ಮಾತಿದೆ. ಹಾನ್ ಕಾಲದ ಚಿಂತಕ ಯಾಂಗ್ ಶಿಯೋಂಗ್ (ಕ್ರಿ.ಪೂ. 53–ಕ್ರಿ.ಶ. 18) ತನ್ನ ‘ಫಾಯೆನ್’ ಗ್ರಂಥದಲ್ಲಿ ಇದನ್ನು ಬೆಳೆಸಿ, ಕಣಜ ಹುಳುವಿನ ಮುಂದೆ ನನ್ನಂತಾಗು, ನನ್ನಂತಾಗು ಎಂದು ಜಪಿಸುತ್ತ ಅದನ್ನು ತನ್ನಂತೆಯೇ ಮಾಡಿಕೊಳ್ಳುತ್ತದೆ ಎಂದ; ಅವನಿಗೂ ಅದು ಗುರು ಶಿಷ್ಯರ ಸಂಬಂಧಕ್ಕೆ ಉಪಮೆಯೇ ಆಗಿತ್ತು. ಸ್ವಂತ ಸಂತಾನವಿಲ್ಲದ ಕಣಜ ಪರರ ಮಗುವನ್ನು ತಂದು ಸಾಕುತ್ತದೆ ಎಂಬ ಈ ನಂಬಿಕೆ ಎಷ್ಟು ಬೇರೂರಿತೆಂದರೆ, ಚೀನೀ ಭಾಷೆಯಲ್ಲಿ ದತ್ತುಮಗನಿಗೆ ‘ಮಿಂಗ್‌ಲಿಂಗ್ ಮಗ’ ಎಂಬ ಹೆಸರೇ ನಿಂತಿತು. ಜಪಾನಿನಲ್ಲಿ ಮರಳು ನೆಲವನ್ನು ತೋಡಿ ಹುಳುವನ್ನು ಹೂಳುವ ಅಮ್ಮೋಫಿಲಾ ಎಂಬ ಕುಲದ ಸಪೂರ ಕಣಜವನ್ನು ಇಂದಿಗೂ ಜಿಗಾಬಾಚಿ ಎನ್ನುತ್ತಾರೆ. ‘ಜಿಗಾ’ ಎಂದು ಬರೆಯುವ ಎರಡು ಚೀನೀ ಅಕ್ಷರಗಳ ಅರ್ಥ ‘ನನ್ನಂತೆ’ ಎಂದೇ. ನೆಲ ತೋಡುವಾಗ ಈ ಕಣಜ ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಮಣ್ಣನ್ನು ಸಡಿಲಿಸುತ್ತದೆ. ಆಗ ಏಳುವ ಜಿಗ್ ಜಿಗ್ ಎಂಬ ಗುಂಯ್ಗುಡುವಿಕೆಯೇ ಜನರ ಕಿವಿಗೆ ಮಂತ್ರವಾಗಿ ಕೇಳಿತು. ಒಂದೇ ಹೆಸರಿನಲ್ಲಿ ಕೇಳಿದ ಶಬ್ದ, ಕಂಡ ನಡತೆ, ಕಟ್ಟಿದ ಕಥೆ ಮೂರೂ ಕೂಡಿಕೊಂಡಿರುವ ಇಂಥ ಉದಾಹರಣೆ ಅಪರೂಪ.

ಈ ಕಥೆ ತಪ್ಪೆಂದು ಮೊದಲು ಕಂಡುಕೊಂಡವರಲ್ಲಿ ಒಬ್ಬ ಚೀನಾದ ವೈದ್ಯನೂ ದಾವ್ ಪಂಥದ ಪಂಡಿತನೂ ಆಗಿದ್ದ ತಾವ್ ಹೊಂಗ್‌ಜಿಂಗ್ (456–536). ಔಷಧಿ ದ್ರವ್ಯಗಳ ಮೇಲಿನ ತನ್ನ ಟಿಪ್ಪಣಿಯಲ್ಲಿ ಅವನು ಬರೆದದ್ದು ಹೀಗಿದೆ: ಈ ಕಣಜ ಗೋಡೆಯ ಬಳಿ ಮಣ್ಣು ತಂದು ಕೊಳವೆಯಂಥ ಗೂಡು ಮಾಡುತ್ತದೆ, ನವಣೆ ಕಾಳಿನಷ್ಟು ದೊಡ್ಡ ಮೊಟ್ಟೆಯನ್ನು ಒಳಗಿಡುತ್ತದೆ, ಹುಲ್ಲಿನ ಮೇಲಿನ ಹತ್ತಕ್ಕೂ ಹೆಚ್ಚು ಜೇಡಗಳನ್ನು ಹಿಡಿದು ತುಂಬಿ ಬಾಯಿ ಮುಚ್ಚುತ್ತದೆ, ಆ ಜೇಡಗಳು ಮುಂದೆ ಬೆಳೆಯುವ ಮರಿಯ ಆಹಾರ. ಜೊಂಡಿನ ಕೊಳವೆಯಲ್ಲಿ ಗೂಡು ಮಾಡುವ ಇನ್ನೊಂದು ಬಗೆಯ ಕಣಜ ಹಸಿರು ಹುಳುಗಳನ್ನು ತರುತ್ತದೆ ಎಂದೂ ಅವನು ಬೇರ್ಪಡಿಸಿ ಹೇಳಿದ. ಇಂದಿನ ಕೀಟವಿಜ್ಞಾನ ಮಾಡುವ ವಿಂಗಡಣೆಯೂ ಇದೇ ದಾರಿಯದು. ಪೂಜ್ಯ ಗ್ರಂಥವೊಂದರ ವ್ಯಾಖ್ಯಾನವನ್ನು ಬದಿಗಿಟ್ಟು ಗೂಡನ್ನೇ ಒಡೆದು ನೋಡಿದ ಆ ಧೈರ್ಯ, ಅದೂ ಹದಿನೈದು ಶತಮಾನಗಳ ಹಿಂದೆ, ನಿಜವಾಗಿಯೂ ದೊಡ್ಡದು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಗೂಡನ್ನು ಒಡೆದು ನೋಡಿದವರಿಗೆ ಒಳಗಿನ ಹುಳು ಜೇಡಗಳು ಕೊಳೆಯದೆ, ಒಣಗದೆ, ಹಲವು ದಿನ ಹಸಿಹಸಿಯಾಗಿಯೇ ಇರುವುದು ಕಾಣುತ್ತಿತ್ತು. ಸತ್ತಿದ್ದರೆ ಕೊಳೆಯಬೇಕಿತ್ತು, ಬದುಕಿದ್ದರೆ ಓಡಬೇಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಲಿಯಾನ್ ದ್ಯುಫೂರ್ ಎಂಬ ಕೀಟವಿಜ್ಞಾನಿ ಕಣಜದ ವಿಷ ಹೆಣವನ್ನು ಕೊಳೆಯದಂತೆ ಕಾಪಾಡುತ್ತದೆ ಎಂದು ಭಾವಿಸಿದ್ದ. ಅದೇ ದೇಶದ ಜ್ಯಾಂ-ಆನ್ರಿ ಫಾಬ್ರ್ 1855ರಲ್ಲಿ ಪ್ರಕಟಿಸಿದ ಬರಹದಲ್ಲಿ, ಬೇಟೆ ಸತ್ತಿರುವುದೇ ಇಲ್ಲ, ಅದರ ನರಗಂಟುಗಳಿಗೆ ಕಣಜ ವಿಷ ಚುಚ್ಚಿ ಚಲನೆಯನ್ನಷ್ಟೇ ನಿಲ್ಲಿಸಿರುತ್ತದೆ ಎಂದು ತೋರಿಸಿದ. ಭ್ರಮರಕೀಟ ನ್ಯಾಯದ ಹುಳು ಅಲುಗದೆ ಧ್ಯಾನದಲ್ಲಿ ಕುಳಿತಂತೆ ಕಂಡದ್ದಕ್ಕೆ ಕಾರಣ ಇದೇ ಪಾರ್ಶ್ವವಾಯು. ಕಥೆಯ ತೀರ್ಮಾನ ತಪ್ಪಾಗಿದ್ದರೂ ಅದರ ಅಡಿಗಿರುವ ಅವಲೋಕನ ಸರಿಯಾಗಿಯೇ ಇತ್ತು: ಹುಳು ಬದುಕಿತ್ತು, ನಿಶ್ಚಲವಾಗಿತ್ತು, ಬೇರೆ ರೂಪದ ಜೀವಿಯೊಂದು ಅದರಿಂದಲೇ ಬೆಳೆದು ಬಂತು. ಮೊಟ್ಟೆಯೊಂದನ್ನು ಮಾತ್ರ ಆ ಕಥೆ ಕಟ್ಟಿದವರು ನೋಡಿರಲಿಲ್ಲ.

ಬಂಗಾಳದಲ್ಲಿ ಇದೇ ನಂಬಿಕೆ ಇನ್ನೊಂದು ಕಣಜದ ಸುತ್ತಲೂ ಬೆಳೆದಿದೆ. ಹಸಿರು ನೀಲಿ ಬಣ್ಣದಲ್ಲಿ ಲೋಹದಂತೆ ಹೊಳೆಯುವ ಆಂಪುಲೆಕ್ಸ್ ಕಂಪ್ರೆಸಾ ಎಂಬ ಕಣಜವನ್ನು ಅಲ್ಲಿ ಕಾಂಚ್‌ಪೋಕಾ, ಎಂದರೆ ಗಾಜಿನ ಹುಳ ಎನ್ನುತ್ತಾರೆ. ಅದು ತನಗಿಂತ ಹಲವು ಪಟ್ಟು ದೊಡ್ಡದಾದ ಜಿರಲೆಯನ್ನು ಮೀಸೆ ಹಿಡಿದು ನಡೆಸಿಕೊಂಡು ಹೋಗುವುದನ್ನು ಅಡುಗೆಮನೆಗಳಲ್ಲಿ ಕಂಡ ಜನ, ಕಾಂಚ್‌ಪೋಕಾ ಹಿಡಿದ ಜಿರಲೆ ಕಾಂಚ್‌ಪೋಕಾವೇ ಆಗುತ್ತದೆ ಎಂದು ನಂಬಿದರು. ಶ್ರೀರಾಮಕೃಷ್ಣ ಪರಮಹಂಸರ ಮಾತುಗಳಲ್ಲೂ ಕಣಜವನ್ನು ಚಿಂತಿಸುತ್ತ ಕಣಜವಾಗುವ ಜೀವಿ ಜಿರಲೆಯೇ. ಜಿರಲೆ ತನ್ನ ಕಾಲಿನ ಮೇಲೆ ತಾನೇ ನಡೆದು ಬಿಲ ಸೇರುತ್ತದೆ ಎಂಬುದು ಇಲ್ಲಿಯ ವಿಶೇಷ. ಕಣಜ ಮೊದಲ ಚುಚ್ಚಿನಿಂದ ಜಿರಲೆಯ ಮುಂಗಾಲುಗಳನ್ನು ಸ್ವಲ್ಪ ಹೊತ್ತು ನಿಷ್ಕ್ರಿಯಗೊಳಿಸಿ, ಎರಡನೆಯ ಚುಚ್ಚನ್ನು ಕತ್ತಿನ ಮೂಲಕ ನೇರವಾಗಿ ತಲೆಯೊಳಗಿನ ನರಗಂಟುಗಳಿಗೆ ಕೊಡುತ್ತದೆ. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಲಿಬರ್ಸಾ ಮತ್ತು ಸಂಗಡಿಗರು ವಿಕಿರಣಶೀಲ ಗುರುತು ಹಾಕಿದ ವಿಷದ ಜಾಡು ಹಿಡಿದು, ವಿಷ ಜಿರಲೆಯ ಮಿದುಳನ್ನೇ ಸೇರುತ್ತದೆ ಎಂಬುದನ್ನು 2003ರಲ್ಲಿ ಖಚಿತಪಡಿಸಿದರು. ಎರಡನೆಯ ಚುಚ್ಚಾದ ಮೇಲೆ ಜಿರಲೆಗೆ ನಡೆಯುವ ಶಕ್ತಿ ಇರುತ್ತದೆ. ತಾನಾಗಿ ಹೆಜ್ಜೆ ಕೀಳಬೇಕೆಂಬ ಪ್ರೇರಣೆ ಇರುವುದಿಲ್ಲ. ಬಂಗಾಳದ ಮಣ್ಣುಗೂಡಿನ ಕಣಜಗಳ ಬಗ್ಗೆ ತಿಳಿಯಬಯಸುವವರಿಗೆ ಗೋಪಾಲಚಂದ್ರ ಭಟ್ಟಾಚಾರ್ಯ (1895–1981) ಅವರ ‘ಬಾಂಗ್ಲಾರ್ ಕೀಟಪತಂಗ’ ಬಹು ಒಳ್ಳೆಯ ಪುಸ್ತಕ. ಕುಮ್ರೇ ಪೋಕಾದಂಥ ಊರಿನ ಹೆಸರುಗಳನ್ನೇ ಇಟ್ಟುಕೊಂಡು ಅವರು ವಿಜ್ಞಾನವನ್ನು ಹೇಳಿದರು.

ಹೆಸರುಗಳು ಹೆಚ್ಚಾಗುವ ಇನ್ನೊಂದು ಸಂದರ್ಭವೆಂದರೆ ಊಟದ್ದು. ಜಪಾನಿನ ನಡುನಾಡಿನ ಗುಡ್ಡಗಾಡು ಜಿಲ್ಲೆಗಳಲ್ಲಿ ನೆಲದೊಳಗೆ ಗೂಡು ಕಟ್ಟುವ ಕಪ್ಪು ಬಣ್ಣದ ಪುಟ್ಟ ಕಣಜವೊಂದರ ಮರಿಗಳನ್ನು ಸೋಯಾ ಸಾರಿನಲ್ಲಿ ಬೇಯಿಸಿ ಅನ್ನದ ಜೊತೆ ತಿನ್ನುವ ಸಂಪ್ರದಾಯವಿದೆ. ಪುಸ್ತಕದಲ್ಲಿ ಅದರ ಹೆಸರು ಕುರೊಸುಜುಮೆಬಾಚಿ. ಆದರೆ ಗಿಫು ಪ್ರಾಂತದಲ್ಲಿ ಅದು ಹೆಬೊ, ನಾಗಾನೊ ಪ್ರಾಂತದಲ್ಲಿ ಜಿಬಾಚಿ ಇಲ್ಲವೇ ಸುಗಾರೆ. ಗೂಡು ಹುಡುಕುವವರು ಮಾಂಸದ ಚೂರಿಗೆ ಬಿಳಿಯ ತೆಳು ಪಟ್ಟಿಯೊಂದನ್ನು ಕಟ್ಟಿ ಕಣಜಕ್ಕೆ ಕೊಟ್ಟು, ಅದು ಹಾರುವಾಗ ಆ ಬಿಳುಪನ್ನೇ ನೋಡುತ್ತ ಕಾಡಿನಲ್ಲಿ ಹಿಂಬಾಲಿಸಿ ಓಡುತ್ತಾರೆ. ಹೀಗೆ ಸಿಕ್ಕ ಗೂಡನ್ನು ಅಗೆದು ತಂದು ಪೆಟ್ಟಿಗೆಯಲ್ಲಿಟ್ಟು ಶರತ್ಕಾಲದವರೆಗೆ ಬೆಳೆಸುವವರೂ ಇದ್ದಾರೆ. ಗಿಫುವಿನ ಕುಶಿಹಾರಾ ಎಂಬಲ್ಲಿ ಯಾರು ಬೆಳೆಸಿದ ಗೂಡು ಹೆಚ್ಚು ತೂಗುತ್ತದೆ ಎಂದು ನೋಡುವ ಹೆಬೊ ಹಬ್ಬವೂ ನಡೆದು ಬಂದಿದೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹೆಸರು ಬದಲಾಗುವುದು ಜನರ ದಿನಬಳಕೆಯ ವಸ್ತುಗಳಿಗೆ ಮಾತ್ರ.

ಬ್ರೆಜಿಲ್ ದೇಶದ ಹೆಸರುಗಳಲ್ಲಿ ಆ ನಾಡಿನ ಚರಿತ್ರೆಯೇ ಪದರಪದರವಾಗಿ ಕೂಡಿಕೊಂಡಿದೆ. ಪೋರ್ಚುಗೀಸ್ ಭಾಷೆಗೆ ಯೂರೋಪಿನಿಂದ ಬಂದ ಹೆಸರು ವೆಸ್ಪಾ. ಆದರೆ ಬ್ರೆಜಿಲಿನ ಜನ ಆಡುವುದು ಮರಿಂಬೊಂದೊ, ಅದು ಅಂಗೋಲಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಕಿಂಬುಂಡು ಭಾಷೆಯ ಪದ. ಅಮೆಜಾನ್ ಸೀಮೆಯಲ್ಲಿ ಅಲ್ಲಿಯ ಮೂಲನಿವಾಸಿಗಳ ಟುಪಿ ಭಾಷೆಯ ಕಾಬಾ ಎಂಬ ಹೆಸರು ಉಳಿದಿದೆ. ಗೂಡಿನ ಹೊರಮೈ ಅಡ್ಡಗೆರೆಗಳಿಂದ ಕೂಡಿ ಚಿಪ್ಪುಳ್ಳ ಆರ್ಮಡಿಲೊ ಪ್ರಾಣಿಯ ಬೆನ್ನಿನಂತೆ ಕಾಣುವ ಸಿನೋಯೆಕಾ ಕುಲದ ಕಣಜಕ್ಕೆ ಆ ಪ್ರಾಣಿಯ ಟುಪಿ ಹೆಸರನ್ನೇ ಜೋಡಿಸಿ ಮರಿಂಬೊಂದೊ-ತಾತು ಎನ್ನುತ್ತಾರೆ. ರಾತ್ರಿ ಹಾರುವ ಅಪೋಯ್ಕಾ ಕಣಜದ ಗೂಡು ಟೊಪ್ಪಿಗೆಯ ಆಕಾರದ್ದಾದ್ದರಿಂದ ಅದು ಟೊಪ್ಪಿಗೆ ಮರಿಂಬೊಂದೊ. ಆಫ್ರಿಕದ ಪದ, ಅಮೆರಿಕದ ಪದ, ಯೂರೋಪಿನ ವ್ಯಾಕರಣ ಒಂದು ಕೀಟದ ಹೆಸರಿನಲ್ಲಿ ಹೀಗೆ ಸೇರಿವೆ. ಟುಪಿ-ಗುವಾರನಿ ಭಾಷೆಗಳನ್ನಾಡುವವರು ಜೇನು ಕೂಡಿಡುವ ಕಣಜದ ಗೂಡಿಗೆ ಹೇಳುವ ಐಶು ಎಂಬ ಹೆಸರನ್ನು ಆಕಾಶದ ಕೃತ್ತಿಕಾ ನಕ್ಷತ್ರಪುಂಜಕ್ಕೂ ಇಟ್ಟಿದ್ದಾರೆ. ಅವರ ಕಣ್ಣಿಗೆ ಆ ಚುಕ್ಕಿಗಳ ದಟ್ಟಣೆ ಗೂಡಿನ ಸುತ್ತ ಮುತ್ತಿದ ಹುಳುಗಳಾಗಿ ಕಂಡಿರಬೇಕು. ಮಧ್ಯ ಬ್ರೆಜಿಲಿನ ಕಯಾಪೊ ಜನರ ಬಗ್ಗೆ ಮಾನವಶಾಸ್ತ್ರಜ್ಞ ಡ್ಯಾರೆಲ್ ಪೋಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ಜೇನು, ಕಣಜ, ಇರುವೆ, ಗೆದ್ದಲುಗಳನ್ನು ಸಂಸಾರ ಕಟ್ಟಿ ಬಾಳುವ ಒಂದೇ ದೊಡ್ಡ ಬಳಗವಾಗಿ ಎಣಿಸುತ್ತಾರೆ, ಮತ್ತು ಅವರ ಗಂಡಸರು ಒಂದು ಆಚರಣೆಯಲ್ಲಿ ಉಗ್ರ ಕಣಜದ ಗೂಡನ್ನು ಬರಿಗೈಯಿಂದ ಹೊಡೆದು ಕುಟುಕನ್ನು ಸಹಿಸಿ ತಮ್ಮ ವೀರತನವನ್ನು ಸಾಬೀತುಪಡಿಸುತ್ತಾರೆ. ಗೆದ್ದಲಿನ ವಂಶ ಬೇರೆಯೇ ಆದರೂ ಒಟ್ಟುಬಾಳ್ವೆಯೇ ಮುಖ್ಯ ಎಂದು ನೋಡುವವರಿಗೆ ಈ ವಿಂಗಡಣೆ ತೀರ ಸಹಜವಾದುದು.

ಗುಂಪಾಗಿ ಕುಟುಕುವ ಕಣಜಗಳೇ ಇಲ್ಲದಿದ್ದ ನಾಡಿಗೆ ಅವು ಬಂದಿಳಿದಾಗ ಹೆಸರಿಗೆ ಎಲ್ಲಿ ಹೋಗಬೇಕು ಎಂಬುದಕ್ಕೆ ನ್ಯೂಜಿಲೆಂಡ್ ಉತ್ತರ ಕೊಡುತ್ತದೆ. ಸಂಸಾರವಂದಿಗ ಕಣಜಗಳು ಆ ದ್ವೀಪಗಳಲ್ಲಿ ಮೂಲತಃ ಇರಲಿಲ್ಲ. 1945ರ ಸುಮಾರಿಗೆ ಯೂರೋಪಿನ ಜರ್ಮನ್ ಕಣಜ ಸರಕಿನ ಜೊತೆ ಬಂದು ನೆಲೆಯೂರಿತು. ಮಾವೊರಿ ಭಾಷೆಯಲ್ಲಿ ಕಣಜಕ್ಕೆ ಇಂದು ಬಳಸುವ ಕತಿಪೊ ಎಂಬ ಹೆಸರು ಕಡಲ ತೀರದ ವಿಷಜೇಡದ್ದೂ ಹೌದು. ಎರಡಕ್ಕೂ ಸಮಾನವಾದದ್ದು ಕಚ್ಚಿದಾಗ ಆಗುವ ನೋವು ಮಾತ್ರ.

ಇಷ್ಟೆಲ್ಲ ಹೆಸರುಗಳ ಆಚೆ, ಹೆಸರೇ ಇಲ್ಲದ ಕಣಜಗಳ ದೊಡ್ಡ ಲೋಕವೊಂದಿದೆ. ಅತ್ತಿಹಣ್ಣು ನೋಡಲು ಚೆಂದ, ಒಡೆದರೆ ಬರೀ ಹುಳು ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಆ ಹುಳುಗಳೂ ಕಣಜಗಳೇ. ಕೆಲವೇ ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಎಳೆಯ ಅತ್ತಿಕಾಯಿಯ ತುದಿಯ ಕಿರುದ್ವಾರದಲ್ಲಿ ನುಸುಳಿ, ಒಳಗಿನ ನೂರಾರು ಪುಟ್ಟ ಹೂಗಳಿಗೆ ತಾನು ಹೊತ್ತು ತಂದ ಪರಾಗವನ್ನು ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ರೆಕ್ಕೆಯಿಲ್ಲದ ಗಂಡುಗಳು ಹುಟ್ಟಿದ ಹಣ್ಣಿನೊಳಗೇ ಹೆಣ್ಣುಗಳನ್ನು ಕೂಡಿ, ಅವು ಹೊರಹೋಗಲು ದಾರಿ ಕೊರೆದುಕೊಡುತ್ತವೆ. ಅತ್ತಿ, ಆಲ, ಅರಳಿ, ಬಸರಿ ಮರಗಳಲ್ಲಿ ಪ್ರತಿಯೊಂದಕ್ಕೂ ಇಂಥ ತನ್ನದೇ ಕಣಜ ಇದ್ದು, ಅದು ಬಾರದಿದ್ದರೆ ಆ ಮರದಲ್ಲಿ ಬೀಜ ಕಟ್ಟುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ತಂಡ ಅತ್ತಿಮರದ ಈ ಸಂಬಂಧವನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಔದುಂಬರವನ್ನು ಪೂಜಿಸುವ, ಅಶ್ವತ್ಥಕ್ಕೆ ಕಟ್ಟೆ ಕಟ್ಟುವ ನಾಡಿನಲ್ಲಿ ಆ ಮರಗಳ ಸಂತತಿಯನ್ನು ನಡೆಸುವ ಕೀಟ ಹೆಸರಿಲ್ಲದೆ ಬರೀ ‘ಹುಳು’ವಾಗಿ ಉಳಿಯಿತು, ಏಕೆಂದರೆ ಸೊಂಟವೂ ರೆಕ್ಕೆಯೂ ಬರಿಗಣ್ಣಿಗೆ ಕಾಣುವಷ್ಟು ಅದು ದೊಡ್ಡದಾಗಿರಲಿಲ್ಲ.

ಸೂರಿನಡಿ ಕಾಗದದ ಗೂಡು ಕಟ್ಟುವ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಅದೇ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಹಲವು ದಶಕಗಳ ಕಾಲ ಈ ಒಂದು ಪ್ರಭೇದವನ್ನು ಅಭ್ಯಾಸ ಮಾಡಿ, ರಾಣಿ ಹೇಗೆ ಆಳುತ್ತಾಳೆ, ಅವಳು ಹೋದರೆ ಮುಂದಿನವಳು ಯಾರು, ದುಡಿಯುವ ಹೆಣ್ಣುಗಳು ತಾವು ಮೊಟ್ಟೆಯಿಡದೆ ಪರರ ಮರಿಗಳನ್ನು ಏಕೆ ಸಾಕುತ್ತವೆ ಎಂಬ ಪ್ರಶ್ನೆಗಳನ್ನು ಬಿಡಿಸಿದರು; 2001ರಲ್ಲಿ ಆ ಕುರಿತ ಅವರ ಗ್ರಂಥ ಹೊರಬಂತು. ಜಗತ್ತಿನ ಕೀಟವಿಜ್ಞಾನಿಗಳಿಗೆ ಬೆಂಗಳೂರಿನ ಕಣಜವೆಂದರೆ ಇದೇ. ಈ ಗೂಡುಗಳ ಮೇಲೆ ದಾಳಿ ಮಾಡಿ ಮರಿಗಳನ್ನು ಹೊತ್ತೊಯ್ಯುವ ವೆಸ್ಪಾ ಟ್ರಾಪಿಕಾ ಎಂಬ ಹೆಗ್ಗಣಜವೂ ಅದರ ಬಲಿಯಾದ ಈ ಪುಟ್ಟ ಕಣಜವೂ ಸಾಮಾನ್ಯ ಮಾತಿನಲ್ಲಿ ಒಂದೇ ‘ಕಣಜದ ಹುಳ’ ಆಗಿಬಿಡುವುದು ನಷ್ಟವೇ ಸರಿ, ಏಕೆಂದರೆ ಒಂದರ ಗೂಡಿನ ಬಳಿ ತೋರಬೇಕಾದ ಎಚ್ಚರ ಇನ್ನೊಂದರದಕ್ಕಿಂತ ಬಹಳ ಹೆಚ್ಚಿನದು.

ಕನ್ನಡದ ಊರೂರುಗಳಲ್ಲಿ ಈ ಕೀಟಗಳಿಗಿರುವ ಹೆಸರುಗಳನ್ನು ಕೂಡಿಸುವ ಕೆಲಸ ಬರೀ ಪದಪಟ್ಟಿಯಿಂದ ಮುಗಿಯುವುದಿಲ್ಲ. ಹೆಸರಿನ ಜೊತೆಗೆ ಗೂಡಿನ ಆಕಾರ, ಅದಿರುವ ಜಾಗ, ಕಾಣುವ ಕಾಲ, ಹೊತ್ತು ತರುವ ಬೇಟೆ ಇವನ್ನೂ ಬರೆದುಕೊಂಡರೆ ಮಾತ್ರ ಆ ಹೆಸರು ಯಾವ ಪ್ರಭೇದದ್ದು ಎಂದು ಹೇಳಬಹುದು. ಶರಣರ ಕುಂಡಲಿಗ ಮಣ್ಣುಗೂಡಿನ ಕಣಜ ಎಂಬುದು ಖಚಿತ. ಅದು ದುಂಡು ಮಡಕೆಯ ಡೆಲ್ಟಾವೋ, ಉದ್ದ ಸೊಂಟದ ಸ್ಕೆಲಿಫ್ರಾನೋ ಎಂಬುದನ್ನು ಹೆಸರೊಂದರಿಂದಲೇ ಹೇಳಲಾಗದು. ಆದರೆ ಅವರು ಹೇಳಿದ ಬೇಟೆ ಕೀಡಿ, ಎಂದರೆ ಹುಳು. ಸ್ಕೆಲಿಫ್ರಾನ್ ತರುವುದು ಜೇಡವನ್ನು. ಆದ್ದರಿಂದ ತೂಕ ಡೆಲ್ಟಾದ ಕಡೆಗೇ ವಾಲುತ್ತದೆ. ಇಂದಿಗೂ ಇದನ್ನು ಪರೀಕ್ಷಿಸಲು ಉಪಕರಣವೇನೂ ಬೇಕಿಲ್ಲ: ಕುಂಡಲಿಗನೆಂದೋ ಕುಂಬಾರನೆಂದೋ ಊರಿನವರು ತೋರಿಸುವ ಹಳೆಯ ಗೂಡೊಂದನ್ನು, ಕಣಜ ಹೊರಬಿದ್ದು ತೂತು ಮೂಡಿದ ಮೇಲೆ, ಒಡೆದು ನೋಡಿದರೆ ಒಳಗೆ ಉಳಿದಿರುವ ಜೇಡನ ಕಾಲುಗಳೋ ಹುಳುವಿನ ಒಣಗಿದ ತಲೆಚಿಪ್ಪುಗಳೋ ಉತ್ತರವನ್ನು ಹೇಳುತ್ತವೆ.